ಮಾರುಕಟ್ಟೆ ಒಂದು, ಪಿಂಚಣಿ 27: ಯುರೋಪಿಯನ್ ಒಕ್ಕೂಟದ ರಿಪೇರಿ ಎಲ್ಲಿಂದ ಶುರುವಾಗಬೇಕು?

ಗಡಿಮನೆ

ನಾನು ಇರುವುದು ನೆದರ್ಲೆಂಡ್ಸ್‌ನ ವಾಲ್ಸ್ ಅನ್ನೋ ಪುಟ್ಟ ಊರಲ್ಲಿ. ಕೆಲಸ ಪಕ್ಕದ ಜರ್ಮನಿಯ ಆಹೆನ್‌ನಲ್ಲಿ. ಬೆಳಿಗ್ಗೆ ಸೈಕಲ್ ಹತ್ತಿದರೆ ಐದು ನಿಮಿಷದಲ್ಲಿ ದೇಶ ಬದಲಾಗುತ್ತದೆ. ಹಳದಿ ನಂಬರ್ ಪ್ಲೇಟಿನ ಕಾರು ಕಡಿಮೆಯಾಗಿ ಬಿಳಿ ಪ್ಲೇಟಿನವು ಜಾಸ್ತಿಯಾದವು ಅಂದರೆ ಜರ್ಮನಿ ಬಂತು ಅಂತ ಅರ್ಥ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ಈ ಗಡಿಯಲ್ಲೂ ತಪಾಸಣೆ ಶುರು ಮಾಡಿದೆ, ನಿಜ. ಆದರೆ ಹ್ಯಾಂಡಲ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಹೋಗುವ ನನ್ನನ್ನು ಇವತ್ತಿನವರೆಗೆ ಯಾರೂ ನಿಲ್ಲಿಸಿಲ್ಲ.

ಕಾಗದಪತ್ರದ ಕಥೆ ಬೇರೆ. ನನ್ನ ಪೇಸ್ಲಿಪ್ ತೆಗೆದರೆ ಪಿಂಚಣಿಗೆ ಶೇ 9.3, ನಿರುದ್ಯೋಗ ವಿಮೆಗೆ ಶೇ 1.3, ಆರೋಗ್ಯ ವಿಮೆಗೆ ಶೇ 7.3 ಮತ್ತು ಅದರ ಮೇಲೊಂದಿಷ್ಟು, ಕೊನೆಗೆ ಮುಪ್ಪಿನ ಆರೈಕೆ ವಿಮೆ. ಹೆಚ್ಚುಕಮ್ಮಿ ಅಷ್ಟೇ ದುಡ್ಡನ್ನು ಕಂಪನಿಯೂ ಹಾಕುತ್ತದೆ. ಎಲ್ಲ ಹೋಗುವುದು ಜರ್ಮನಿಗೆ. ಆದರೆ ನನಗೆ ಜ್ವರ ಬರುವುದು ವಾಲ್ಸ್‌ನಲ್ಲಿ. ಅದಕ್ಕೆ ಎಸ್1 ಅಂತ ಒಂದು ಫಾರ್ಮ್ ಇದೆ. ಜರ್ಮನಿಯ ವಿಮೆಯವರು ಬರೆದುಕೊಡುತ್ತಾರೆ, ಡಚ್ಚರು ಅದನ್ನು ನೋಡಿ ಸೇರಿಸಿಕೊಳ್ಳುತ್ತಾರೆ, ಖರ್ಚಿನ ಲೆಕ್ಕ ಅವರವರೇ ಚುಕ್ತಾ ಮಾಡಿಕೊಳ್ಳುತ್ತಾರೆ. ಇದು ಚೆನ್ನಾಗಿ ನಡೆಯುತ್ತಿದೆ, ಸುಮ್ನೆ ಬೈಯಬಾರದು.

ನಾನು ಸಿಕ್ಕಿಬಿದ್ದಿದ್ದು ಮಗಳ ಭತ್ಯೆಯಲ್ಲಿ. ಹೆಂಡತಿ ಡಚ್ ಕಡೆ ಅರ್ಧ ದಿನದ ಕೆಲಸ ಮಾಡುತ್ತಾಳೆ, ಮಗು ಇರುವುದೂ ಅಲ್ಲೇ. ನಿಯಮದ ಪ್ರಕಾರ ಮೊದಲು ನೆದರ್ಲೆಂಡ್ಸ್ ಕೊಡಬೇಕು. ಜರ್ಮನಿಯ ಭತ್ಯೆ ಜಾಸ್ತಿ ಇರುವುದರಿಂದ ಉಳಿದ ವ್ಯತ್ಯಾಸವನ್ನು ಜರ್ಮನಿ ತುಂಬಬೇಕು. ಕೇಳೋಕೆ ಸಲೀಸು. ಆದರೆ ಇವರು ಕೊಡುವುದು ಮೂರು ತಿಂಗಳಿಗೊಮ್ಮೆ, ಅವರ ಲೆಕ್ಕ ತಿಂಗಳು ತಿಂಗಳು. ಇವರು ಅವರ ಪತ್ರ ತನ್ನಿ ಅಂದರು, ಅವರು ಇವರ ಪತ್ರ ತನ್ನಿ ಅಂದರು. ಎಂಟು ತಿಂಗಳು ಹಿಡಿಯಿತು. ಅರ್ಜಿ ಹಾಕಿದಾಗ ಅಂಬೆಗಾಲಿಡುತ್ತಿದ್ದ ಮಗಳು ದುಡ್ಡು ಬರುವ ಹೊತ್ತಿಗೆ ಬಾಗಿಲು ತೆಗೆದು ಓಡುತ್ತಿದ್ದಳು.

2024ರಲ್ಲಿ ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಗಿ ಯುರೋಪಿನ ಆರ್ಥಿಕತೆ ಬಗ್ಗೆ ಕೊಟ್ಟ ವರದಿ ಬಂದಾಗಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ಸುಧಾರಣೆಯದೇ ಮಾತು. ಅಮೆರಿಕ, ಚೀನಾ ಮುಂದೆ ಹೋದವು. ವರ್ಷಕ್ಕೆ 750ರಿಂದ 800 ಬಿಲಿಯನ್ ಯೂರೋ ಹೆಚ್ಚಿಗೆ ಹೂಡಬೇಕು. ನಿಯಮ ಕಡಿಮೆ ಮಾಡಿ, ಬಂಡವಾಳದ ಮಾರುಕಟ್ಟೆಯನ್ನು ಒಂದು ಮಾಡಿ. ಆಯ್ತು, ಮಾಡಲಿ. ಆದರೆ ಈಗಲೇ ಸರಕು, ದುಡ್ಡು, ಕಂಪನಿಗಳಿಗೆಲ್ಲ ಒಂದೇ ಅಂಗಳ. ಪಿಂಚಣಿ, ವಿಮೆ, ಕೂಲಿಗೆ ಮಾತ್ರ ಒಕ್ಕೂಟದ 27 ದೇಶಕ್ಕೂ 27 ಬೇರೆ ಬೇರೆ ಮನೆ. ಅಂಗಳವನ್ನು ಇನ್ನೂ ಅಗಲ ಮಾಡಲು ಹೊರಟವರು ಮನೆಗಳ ಪಾಯಕ್ಕೆ ಗುದ್ದಲಿ ಹಾಕದ ಹಾಗೆ ನೋಡಿಕೊಳ್ಳುವುದು ಹೇಗೆ?

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಇಡೀ ಯುರೋಪಿಗೆ ಒಂದೇ ಪಿಂಚಣಿ ಬೇಡ, ಅದು ಆಗುವ ಮಾತೂ ಅಲ್ಲ. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿನ ಕೂಲಿ ಸಿಗಬೇಕು. ಯಾರ ವಿಮೆ ಎಲ್ಲಿ ಕಟ್ಟಿದೆ ಅಂತ ಗಡಿ ದಾಟಿ ಹೋಗಿ ನೋಡುವ ಅಧಿಕಾರ ಇರುವ ಒಂದು ಕಚೇರಿ ಬೇಕು. ಇಷ್ಟಾದರೆ ಉಳಿದದ್ದನ್ನು ಆಯಾ ದೇಶ ನೋಡಿಕೊಳ್ಳುತ್ತದೆ. ಒಪ್ಪದವರು ಬನ್ನಿ.

ಲೆಕ್ಕದ ಮೇಷ್ಟ್ರು

ಗಡಿಮನೆಯವರೇ, ಇದು ಯಾರೋ ಮರೆತು ಆದದ್ದಲ್ಲ. ಬೇಕಂತಲೇ ಹಾಗೆ ಕಟ್ಟಿದ್ದು.

1957ರಲ್ಲಿ ಆರು ದೇಶಗಳು ರೋಮ್ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಜಗಳ ಆಗಿತ್ತು. ಗಂಡಸರಿಗೂ ಹೆಂಗಸರಿಗೂ ಸಮಾನ ಸಂಬಳ ಅನ್ನುವ ನಿಯಮ ಫ್ರಾನ್ಸ್‌ನಲ್ಲಿ ಆಗಲೇ ಇತ್ತು. ಪಕ್ಕದವರು ಹೆಂಗಸರಿಗೆ ಕಡಿಮೆ ಕೊಟ್ಟು ಬಟ್ಟೆ ನೇಯಿಸಿದರೆ ನಮ್ಮ ಗಿರಣಿಗಳ ಗತಿ ಏನು ಅಂತ ಫ್ರೆಂಚರ ಚಿಂತೆ. ಹಾಗೆ ಹುಟ್ಟಿದ್ದು 119ನೇ ವಿಧಿ. ಹೆಂಗಸರ ಮೇಲಿನ ಕಾಳಜಿಗಿಂತ ಗಿರಣಿ ಮೇಲಿನ ಕಾಳಜಿಯೇ ಜಾಸ್ತಿ ಇತ್ತು ಅನ್ನಿ. ಅದೂ ಸುಮಾರು 20 ವರ್ಷ ಕಾಗದದಲ್ಲೇ ಉಳಿಯಿತು. ಬೆಲ್ಜಿಯಂನ ಗಗನಸಖಿ ಗೇಬ್ರಿಯೆಲ್ ಡಿಫ್ರೆನ್ ವಿಮಾನ ಕಂಪನಿ ಮೇಲೆ ಕೇಸು ಹಾಕಿದ ಮೇಲೆ, 1976ರಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಈ ವಿಧಿಯನ್ನು ಯಾರು ಬೇಕಾದರೂ ತಮ್ಮ ದೇಶದ ಕೋರ್ಟಿನಲ್ಲೇ ಹಿಡಿದು ಕೇಳಬಹುದು ಅಂತ ತೀರ್ಪು ಕೊಟ್ಟಿತು. ಆಗ ಜೀವ ಬಂತು.

ಉಳಿದ ಕಲ್ಯಾಣವನ್ನೆಲ್ಲ ಆಯಾ ದೇಶಕ್ಕೆ ಬಿಟ್ಟರು. ವ್ಯಾಪಾರ ಬೆಳೆದರೆ ಆದಾಯ ಬೆಳೆಯುತ್ತದೆ, ಅದರಲ್ಲಿ ಅವರವರ ಆಸ್ಪತ್ರೆ, ಪಿಂಚಣಿ ಅವರವರು ಕಟ್ಟಿಕೊಳ್ಳಲಿ ಅನ್ನುವುದು ಆಗಿನ ಲೆಕ್ಕ. 1970ರ ದಶಕದ ತನಕ ಲೆಕ್ಕ ಸರಿಯಾಗಿಯೇ ಬಂತು. ಊರು ಬಿಟ್ಟು ದುಡಿಯಲು ಹೋದವರಿಗೆ ಮಾತ್ರ ಬೇರೆ ವ್ಯವಸ್ಥೆ ಬೇಕಿತ್ತು. 1956ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಮಾರ್ಸಿನೆಲ್ ಕಲ್ಲಿದ್ದಲು ಗಣಿಯಲ್ಲಿ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಜನ ಇಟಲಿಯವರು. ಇಂಥವರ ವಿಮೆ, ಪಿಂಚಣಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಜೋಡಿಸುವ ನಿಯಮ 1958ರಲ್ಲೇ ಬಂತು. ನಿಮ್ಮ ಎಸ್1 ಫಾರ್ಮಿನ ಅಜ್ಜ ಅದು.

ಲೆಕ್ಕ ತಪ್ಪಿದ್ದು ಆಮೇಲೆ. 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಒಂದೇ ನಾಣ್ಯ ಅಂತ ಆಯಿತು. ವರ್ಷದ ಕೊರತೆ ಜಿಡಿಪಿಯ ಶೇ 3 ದಾಟಬಾರದು, ಒಟ್ಟು ಸಾಲ ಶೇ 60 ದಾಟಬಾರದು. ಮೊದಲು ಇಟಲಿಯೋ ಗ್ರೀಸೋ ತೊಂದರೆಗೆ ಸಿಕ್ಕರೆ ತಮ್ಮ ನಾಣ್ಯದ ಬೆಲೆ ಇಳಿಸುತ್ತಿದ್ದವು. ನಾಣ್ಯವೇ ಕೈಯಲ್ಲಿ ಇಲ್ಲದ ಮೇಲೆ ಇಳಿಸಲು ಉಳಿದದ್ದು ಸಂಬಳ, ಪಿಂಚಣಿ.

ಮಂಡ್ಯ ಮಗ

ಮೇಷ್ಟ್ರೇ, ಒಂದು ದಡ್ಡ ಪ್ರಶ್ನೆ. ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಲ್ಲಿ ಕೂತವರು ಎಲ್ಲ ಕಡೆ ಕನಿಷ್ಠ ಸಂಬಳ 2,000 ಯೂರೋ ಅಂತ ಒಂದು ಆರ್ಡರ್ ಹೊರಡಿಸಿದರೆ ಮುಗೀತಲ್ವಾ?

ಲೆಕ್ಕದ ಮೇಷ್ಟ್ರು

ದಡ್ಡ ಪ್ರಶ್ನೆ ಏನಲ್ಲ. ಆದರೆ ಹಾಗೆ ಹೊರಡಿಸುವಂತಿಲ್ಲ. ಈಗಿನ ಒಪ್ಪಂದದ 153ನೇ ವಿಧಿಯಲ್ಲೇ ಬರೆದಿದೆ: ಸಂಬಳ, ಸಂಘ ಕಟ್ಟುವ ಹಕ್ಕು, ಮುಷ್ಕರ, ಇವಕ್ಕೆ ಒಕ್ಕೂಟ ಕೈ ಹಾಕುವಂತಿಲ್ಲ. ಇನ್ನೊಂದು, 2025ರ ಜನವರಿಯಲ್ಲಿ ಬಲ್ಗೇರಿಯದ ಕನಿಷ್ಠ ಸಂಬಳ ತಿಂಗಳಿಗೆ 551 ಯೂರೋ, ಲಕ್ಸೆಂಬರ್ಗ್‌ನದು 2,638. ನಿಮ್ಮ 2,000ಕ್ಕೆ ಬಲ್ಗೇರಿಯದಲ್ಲಿ ಕಾರ್ಖಾನೆ ಬಾಗಿಲು ಹಾಕುತ್ತವೆ, ಲಕ್ಸೆಂಬರ್ಗ್‌ನಲ್ಲಿ ಕೆಲಸದವರು ಜಗಳಕ್ಕೆ ಬರುತ್ತಾರೆ.

ಸ್ವೀಡನ್ ಸೊಸೆ

ಗಡಿಮನೆ ಅವರೇ, ಬ್ರಸೆಲ್ಸ್ ಬಂದು ಕಾಪಾಡಲಿ ಅಂತ ನೀವು ಕೇಳ್ತಿದೀರಿ. ಇಲ್ಲಿ ಅದೇ ಮಾತು ಕೇಳಿದರೆ ಕಾರ್ಮಿಕ ಸಂಘದವರು ಬೆಚ್ಚಿ ಬೀಳುತ್ತಾರೆ. ಯಾಕೆ ಅಂತ ಹೇಳುತ್ತೇನೆ.

ನಾನಿರುವುದು ಸ್ಟಾಕ್‌ಹೋಮ್‌ನಲ್ಲಿ. ಹತ್ತಿರದಲ್ಲೇ ವಾಕ್ಸ್‌ಹೋಲ್ಮ್ ಅಂತ ಸಮುದ್ರದ ಊರಿದೆ. ಬೇಸಿಗೆಯಲ್ಲಿ ಜನ ಅಲ್ಲಿಗೆ ಹಳೇ ಕೋಟೆ ನೋಡಲು, ಐಸ್‌ಕ್ರೀಂ ತಿನ್ನಲು ಹೋಗುತ್ತಾರೆ. 2004ರಲ್ಲಿ ಅಲ್ಲಿನ ಒಂದು ಶಾಲೆ ಕಟ್ಟಡದ ಕೆಲಸ ಲಾಟ್ವಿಯಾದ ಲವಾಲ್ ಅನ್ನೋ ಕಂಪನಿಗೆ ಸಿಕ್ಕಿತು. ಕಂಪನಿ ತನ್ನ ಕೆಲಸಗಾರರನ್ನು ಲಾಟ್ವಿಯಾದಿಂದಲೇ ಕರೆತಂದಿತು. ಸ್ವೀಡನ್ನಿನ ಕಟ್ಟಡ ಕಾರ್ಮಿಕರ ಸಂಘ, ಇಲ್ಲಿನ ಸಂಬಳದ ಒಪ್ಪಂದಕ್ಕೆ ಸಹಿ ಹಾಕಿ ಅಂದಿತು. ಅವರು ಒಪ್ಪಲಿಲ್ಲ. ಸಂಘದವರು ಶಾಲೆಯ ಮುಂದೆ ನಿಂತು ಕೆಲಸ ತಡೆದರು. ಎಲೆಕ್ಟ್ರಿಷಿಯನ್‌ಗಳ ಸಂಘವೂ ಕೈಜೋಡಿಸಿತು.

ಇಲ್ಲಿ ಕನಿಷ್ಠ ಸಂಬಳಕ್ಕೆ ಕಾನೂನೇ ಇಲ್ಲ ಅನ್ನೋದು ನಿಮಗೆ ಗೊತ್ತಿರಬಹುದು. ಮಾಲೀಕರು ಮತ್ತು ಸಂಘದವರು ಎದುರುಬದುರು ಕೂತು ಮಾತಾಡಿಕೊಂಡ ಒಪ್ಪಂದವೇ ಕಾನೂನು. ಹತ್ತರಲ್ಲಿ ಸುಮಾರು ಒಂಬತ್ತು ಜನ ಅಂಥ ಒಪ್ಪಂದದ ಕೆಳಗೆ ಬರುತ್ತಾರೆ. ಆದ್ದರಿಂದ ಕೆಲಸ ತಡೆಯುವ ಹಕ್ಕು ಹೋದರೆ ಇಡೀ ವ್ಯವಸ್ಥೆಯ ಬೇರೇ ಹೋದ ಹಾಗೆ. ಕೇಸು ಲಕ್ಸೆಂಬರ್ಗ್‌ಗೆ ಹೋಯಿತು. 2007ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಮುಷ್ಕರ ಮೂಲಭೂತ ಹಕ್ಕು, ಸರಿ. ಆದರೆ ಈ ತಡೆ ಕಂಪನಿಯೊಂದು ಬೇರೆ ದೇಶಕ್ಕೆ ಹೋಗಿ ಸೇವೆ ಕೊಡುವ ಸ್ವಾತಂತ್ರ್ಯಕ್ಕೆ ಅಡ್ಡ ಬಂತು, ಒಪ್ಪಲಾಗದು ಅಂದರು. ಕೊನೆಗೆ ಪರಿಹಾರ ಕಟ್ಟಿದ್ದು ಸಂಘಗಳೇ. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಇವತ್ತಿಗೂ ಬ್ರಸೆಲ್ಸ್ ಅಂದರೆ ಮೊದಲು ವಾಕ್ಸ್‌ಹೋಲ್ಮ್ ಅಂತಾರೆ.

ಅದಕ್ಕೇ 2022ರಲ್ಲಿ ಬಂದ ಒಕ್ಕೂಟದ ಕನಿಷ್ಠ ವೇತನದ ನಿರ್ದೇಶನಕ್ಕೆ (ಎಲ್ಲ ದೇಶ ತನ್ನ ಕಾನೂನಿಗೆ ತರಬೇಕಾದ ನಿಯಮ) ಸ್ವೀಡನ್, ಡೆನ್ಮಾರ್ಕ್ ಎರಡೂ ಬೇಡ ಅಂದವು. ಹೊರಗಿನಿಂದ ನೋಡಿದರೆ ಇದೇನು ವಿಚಿತ್ರ ಅನ್ನಿಸುತ್ತೆ, ಕಾರ್ಮಿಕರ ಪರ ಇರುವ ದೇಶಗಳೇ ಕಾರ್ಮಿಕರ ಕಾನೂನಿಗೆ ಅಡ್ಡ ನಿಂತವಲ್ಲ ಅಂತ. ಡೆನ್ಮಾರ್ಕ್ ಕೋರ್ಟಿಗೂ ಹೋಯಿತು. 2025ರ ನವೆಂಬರ್‌ನಲ್ಲಿ ನಿರ್ದೇಶನದ ಬಹುಪಾಲನ್ನು ಕೋರ್ಟು ಉಳಿಸಿಕೊಂಡಿತು, ವೇತನ ಹೇಗೆ ನಿಗದಿ ಮಾಡಬೇಕು ಅಂತ ಹೇಳುವ ಎರಡು ಭಾಗ ಮಾತ್ರ ತೆಗೆದುಹಾಕಿತು.

ನನ್ನ ಪ್ರಕಾರ ಹೊಸ ಕಚೇರಿ ಆಮೇಲೆ. ಮೊದಲು ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಮಾರುಕಟ್ಟೆಯ ಸ್ವಾತಂತ್ರ್ಯಕ್ಕೂ ಕಾರ್ಮಿಕರ ಹಕ್ಕಿಗೂ ಘರ್ಷಣೆ ಬಂದರೆ ಹಕ್ಕು ಮೇಲು. ಯುರೋಪಿನ ಕಾರ್ಮಿಕ ಸಂಘಗಳ ಒಕ್ಕೂಟ ವರ್ಷಗಳಿಂದ ಇದನ್ನೇ ಕೇಳುತ್ತಿದೆ.

ಗಡಿಮನೆ

ಒಪ್ಪಿದೆ ಮೇಡಂ, ಅರ್ಧ. ಲವಾಲ್ ತೀರ್ಪಿನ ಗಾಯಕ್ಕೆ 2018ರಲ್ಲಿ ಸ್ವಲ್ಪ ಮದ್ದು ಹಾಕಿದ್ದಾರೆ. ಬೇರೆ ದೇಶಕ್ಕೆ ಕಳಿಸಿದ ಕೆಲಸಗಾರನಿಗೆ ಬರೀ ಕನಿಷ್ಠ ಕೂಲಿ ಸಾಲದು, ಅಲ್ಲಿನವರಿಗೆ ಕೊಡುವ ಪೂರ್ತಿ ಸಂಬಳ ಕೊಡಬೇಕು ಅಂತ ನಿಯಮ ತಿದ್ದಿದರು. ಆದರೆ ಎಲ್ಲ ದೇಶದ ಸಂಘವೂ ನಿಮ್ಮಷ್ಟು ಗಟ್ಟಿ ಇಲ್ಲ. ಜರ್ಮನಿಯ ಕಸಾಯಿ ಕಾರ್ಖಾನೆಗಳನ್ನೇ ನೋಡಿ. ರೊಮೇನಿಯಾ, ಬಲ್ಗೇರಿಯಾದವರು ಗುತ್ತಿಗೆಯ ಮೇಲೆ ಗುತ್ತಿಗೆಯಲ್ಲಿ ದುಡಿಯುತ್ತಿದ್ದರು, ಒಂದೇ ಕೋಣೆಯಲ್ಲಿ ಹಲವರು ಮಲಗುತ್ತಿದ್ದರು. 2020ರ ಜೂನ್‌ನಲ್ಲಿ ಒಂದೇ ಕಾರ್ಖಾನೆಯಲ್ಲಿ ಸಾವಿರಕ್ಕೂ ಜಾಸ್ತಿ ಜನಕ್ಕೆ ಕೊರೋನಾ ಬಂದ ಮೇಲೆ ಸರ್ಕಾರಕ್ಕೆ ಕಣ್ಣು ಕಾಣಿಸಿತು. 2021ರ ಜನವರಿಯಿಂದ ಅಲ್ಲಿ ಗುತ್ತಿಗೆ ಬಂದ್. ಗಮನಿಸಿ, ಇದನ್ನು ಮಾಡಿದ್ದು ಒಕ್ಕೂಟ ಅಲ್ಲ, ಬರ್ಲಿನ್.

ಹುಬ್ಬಳ್ಳಿ ಲಾರಿ

ನಮ್ಮ ಮನೇಲಿ ಎರಡು ಲಾರಿ ಇದ್ದವು, ಅದಕ್ಕೆ ಕೇಳ್ತೀನಿ. ಲಾರಿ ಡ್ರೈವರ್ ದಿನಕ್ಕೆ ಮೂರು ದೇಶ ದಾಟ್ತಾನಲ್ಲ. "ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿನ ಕೂಲಿ" ಅಂದರೆ ಅವನಿಗೆ ಯಾವ ಊರಿನ ಕೂಲಿ ರೀ?

ಡಾರ್ಮ್‌ಸ್ಟಾಟ್ ಭಟ್ಟ

ಅಣ್ಣಾ, ಇದು ಎಷ್ಟು ಕಷ್ಟದ ಪ್ರಶ್ನೆ ಅಂತ ನಮ್ಮೂರ ಪಕ್ಕದ ಹೈವೇಯಲ್ಲೇ ಕಂಡಿತು.

ಡಾರ್ಮ್‌ಸ್ಟಾಟ್ ಹತ್ತಿರ ಎ5 ಹೆದ್ದಾರಿಯಲ್ಲಿ ಗ್ರೇಫನ್‌ಹೌಸನ್ ಅಂತ ಲಾರಿ ನಿಲ್ಲುವ ಜಾಗ ಇದೆ. ಪೆಟ್ರೋಲ್ ಬಂಕ್, ದುಡ್ಡು ಹಾಕಿ ಹೋಗುವ ಟಾಯ್ಲೆಟ್, ಒಂದು ಹೋಟೆಲ್. 2023ರ ಮಾರ್ಚ್ ಕೊನೆಯಲ್ಲಿ ಅಲ್ಲಿಗೆ ಒಂದೊಂದಾಗಿ ಒಂದೇ ಬಣ್ಣದ ಲಾರಿಗಳು ಬಂದು ನಿಂತವು. ನಿಂತವು ಹೊರಡಲಿಲ್ಲ. ಕೊನೆಗೆ 60ರ ಆಸುಪಾಸು ಆಯಿತು. ಲಾರಿ ಪೋಲೆಂಡ್ ಕಂಪನಿಯದು. ಡ್ರೈವರ್‌ಗಳು ಹೆಚ್ಚಿನವರು ಜಾರ್ಜಿಯಾ, ಉಜ್ಬೇಕಿಸ್ತಾನದವರು. ಓಡಿಸುತ್ತಿದ್ದದ್ದು ಜರ್ಮನಿ, ಇಟಲಿ, ಆಸ್ಟ್ರಿಯಾದ ರಸ್ತೆಗಳಲ್ಲಿ. ವಾರಗಟ್ಟಲೆ ಸಂಬಳ ಬಂದಿಲ್ಲ, ಕೊಡುವವರೆಗೂ ಕೀ ಕೊಡಲ್ಲ ಅಂತ ಕೂತರು.

ನಾನು ಈಸ್ಟರ್ ರಜೆಯಲ್ಲಿ ಆ ದಾರಿಯಲ್ಲಿ ಹೋಗುವಾಗ ನಿಲ್ಲಿಸಿದ್ದೆ. ಲಾರಿಯ ಎರಡು ಚಕ್ರದ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಸಣ್ಣ ಗ್ಯಾಸ್ ಒಲೆ ಮೇಲೆ ಏನೋ ಬೇಯುತ್ತಿತ್ತು. ನನ್ನನ್ನು ನೋಡಿ ಒಬ್ಬ "ಇಂಡಿಯಾ?" ಅಂದ, ಒಂದು ಲೋಟ ಟೀ ಕೊಟ್ಟ. ಸಂಬಳ ಬರದವನ ಕೈಯಿಂದ ಟೀ ಕುಡಿದು ಬಂದೆ, ಏನು ಹೇಳಲಿ.

ಅದೇ ಏಪ್ರಿಲ್‌ನಲ್ಲಿ ಲಾರಿ ಮಾಲೀಕನ ಕಡೆಯವರು ಖಾಸಗಿ ಸೆಕ್ಯುರಿಟಿ ಪಡೆ, ಒಂದು ಬುಲೆಟ್‌ಪ್ರೂಫ್ ಗಾಡಿ ಸಮೇತ ಲಾರಿ ಬಿಡಿಸಿಕೊಳ್ಳಲು ಬಂದರು. ಪೊಲೀಸರು ಅವರನ್ನೇ ಹಿಡಿದುಕೊಂಡು ಹೋದರು. ಸುಮಾರು ಆರು ವಾರದ ಮೇಲೆ ಬಾಕಿ ಸಿಕ್ಕಿತು. ಬೇಸಿಗೆಯಲ್ಲಿ ಮತ್ತೆ ಅದೇ ಜಾಗ, ಅದೇ ಮುಷ್ಕರ. ಆ ಸಲ ಕೆಲವರು ಉಪವಾಸವನ್ನೂ ಕೂತರು.

ಅವರ ಬಾಕಿ ಬರಲು ಒಂದು ಕಾರಣ ಜರ್ಮನಿಯ ಪೂರೈಕೆ ಸರಪಳಿ ಕಾನೂನು. ನಿನ್ನ ಸರಕು ಯಾರು ಹೊರುತ್ತಾರೋ ಅವರಿಗೆ ಅನ್ಯಾಯ ಆದರೆ ದೊಡ್ಡ ಕಂಪನಿಯೂ ಉತ್ತರ ಕೊಡಬೇಕು ಅಂತ ಅದು 2023ರಿಂದ ಜಾರಿ. ಸರಕಿನ ಮಾಲೀಕರಿಗೆ ಬಿಸಿ ತಟ್ಟಿತು. ಇಂಥದ್ದೇ ಕಾನೂನನ್ನು ಇಡೀ ಒಕ್ಕೂಟಕ್ಕೆ 2024ರಲ್ಲಿ ಮಾಡಿದರು. 2025ರ ಫೆಬ್ರವರಿಯಲ್ಲಿ, ಇನ್ನೂ ಜಾರಿಗೇ ಬರುವ ಮೊದಲು, "ಸರಳೀಕರಣ" ಅಂತ ಅದನ್ನು ಸಡಿಲ ಮಾಡುವ ಪ್ರಸ್ತಾಪ ಬಂತು. ಗಡಿಮನೆ ಹೇಳುವ ಗುದ್ದಲಿ ಇದೇ.

ಸ್ಟಾರ್ಟಪ್ ಸುಬ್ಬು

ಎಲ್ಲರೂ ಒಂದೇ ಕಡೆ ಎಳೀತಿದೀರಿ, ನಾನು ಇನ್ನೊಂದು ಕಡೆ ಎಳೀತೀನಿ. ಹಂಚೋದು ಹೇಗೆ ಅಂತ ಇಷ್ಟು ಮಾತು. ಗಳಿಸೋದು ಯಾರು?

ಏಂಜೆಲಾ ಮರ್ಕೆಲ್ ಜರ್ಮನಿಯ ಚಾನ್ಸಲರ್ ಆಗಿದ್ದಾಗ ಮತ್ತೆ ಮತ್ತೆ ಒಂದು ಲೆಕ್ಕ ಹೇಳುತ್ತಿದ್ದರು: ಪ್ರಪಂಚದ ಜನರಲ್ಲಿ ಯುರೋಪಿನವರು ಶೇ 7, ಉತ್ಪಾದನೆಯಲ್ಲಿ ಸುಮಾರು ಶೇ 25, ಕಲ್ಯಾಣದ ಖರ್ಚಿನಲ್ಲಿ ಶೇ 50. ಮೊದಲ ಎರಡು ಸಂಖ್ಯೆ ಇಳಿಯುತ್ತಾ ಮೂರನೆಯದು ಅಲ್ಲೇ ಇದ್ದರೆ ಎಷ್ಟು ದಿನ ನಡೆಯುತ್ತೆ? ಮುದುಕರು ಜಾಸ್ತಿ, ದುಡಿಯುವವರು ಕಡಿಮೆ. ನಾನು ಆಮ್‌ಸ್ಟರ್‌ಡ್ಯಾಂನಲ್ಲಿ ಎಂಟು ಜನರ ಕಂಪನಿ ನಡೆಸುತ್ತೇನೆ. ಪಕ್ಕದ ದೇಶದಲ್ಲಿ ಒಬ್ಬನೇ ಒಬ್ಬನನ್ನು ಕೆಲಸಕ್ಕೆ ತಗೊಂಡರೆ ಅಲ್ಲಿನ ವಿಮೆಗೆ ನೋಂದಣಿ, ಅಲ್ಲಿನ ಪೇರೋಲ್, ಅಲ್ಲಿನ ವಕೀಲ. ಅದಕ್ಕಿಂತ ಬೆಂಗಳೂರಲ್ಲಿ ತಗೊಳ್ಳೋದು ಸುಲಭ. ನಿಯಮ ಸರಳ ಮಾಡಿ ಅಂದ ಕೂಡಲೇ ಬಡವರ ಅನ್ನ ಕಿತ್ತುಕೊಳ್ಳುತ್ತಾರೆ ಅಂತ ಕೂಗಬೇಡಿ. ದ್ರಾಗಿ ಕೂಡ ಕಲ್ಯಾಣ ಕಡಿಮೆ ಮಾಡಿ ಅಂತ ಹೇಳಿಲ್ಲ. ಅದನ್ನು ಉಳಿಸಿಕೊಳ್ಳಲೇ ಉತ್ಪಾದಕತೆ ಬೇಕು ಅಂದಿದ್ದಾರೆ.

ನಾನೇ 2010ರಲ್ಲಿ ಬೆಂಗಳೂರಿನಿಂದ ಆಂಟ್‌ವರ್ಪ್‌ಗೆ ಆನ್‌ಸೈಟ್ ಬಂದವನು. ಪಿಎಫ್ ಆಫೀಸಿನಿಂದ ಒಂದು ಸರ್ಟಿಫಿಕೇಟ್ ತಂದಿದ್ದೆ. ಬೆಲ್ಜಿಯಂ ಜೊತೆ ಭಾರತದ ಒಪ್ಪಂದ ಆಗಷ್ಟೇ, 2009ರಲ್ಲಿ, ಜಾರಿಗೆ ಬಂದಿತ್ತು. 60 ತಿಂಗಳ ತನಕ ಬೆಲ್ಜಿಯಂನಲ್ಲಿ ಕಟ್ಟಬೇಕಿಲ್ಲ, ಭಾರತದಲ್ಲೇ ಪಿಎಫ್ ಕಟ್ಟಿದರೆ ಸಾಕು. ಒಂದು ಹಾಳೆ, ಕೆಲಸ ಮುಗೀತು. ಸರಳ ಅಂದರೆ ಹೀಗಿರಬೇಕು.

ಸ್ವೀಡನ್ ಸೊಸೆ

ಸುಬ್ಬು ಅವರೇ, ನಗು ಬಂತು, ಬೇಜಾರು ಮಾಡ್ಕೋಬೇಡಿ. ಬೇರೆ ದೇಶದ ಕಂಪನಿ ಕಳಿಸಿತು, ವಿಮೆ ಪಿಂಚಣಿ ಎಲ್ಲ ಊರಲ್ಲೇ ಕಟ್ಟಿ ಇಲ್ಲಿ ದುಡಿದಿರಿ. ವಾಕ್ಸ್‌ಹೋಲ್ಮ್ ಶಾಲೆಗೆ ಬಂದ ಲಾಟ್ವಿಯಾದವರಿಗೂ ನಿಮಗೂ ವ್ಯತ್ಯಾಸ ಏನು? ಕೈಯಲ್ಲಿ ಸುತ್ತಿಗೆ ಬದಲು ಲ್ಯಾಪ್‌ಟಾಪ್ ಇತ್ತು ಅಷ್ಟೇ.

ಸ್ಟಾರ್ಟಪ್ ಸುಬ್ಬು

ಹ್ಮ್. ಇದನ್ನು ಹಾಗೆ ಯೋಚಿಸಿರಲಿಲ್ಲ. ಪಕ್ಕದ ಡೆಸ್ಕಿನ ಬೆಲ್ಜಿಯಂ ಹುಡುಗನಿಗಿಂತ ನನಗೆ ಎಷ್ಟು ಕಡಿಮೆ ಖರ್ಚಾಗುತ್ತಿತ್ತು ಅಂತ ಕಂಪನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆದರೂ ಆ ಒಂದು ಹಾಳೆ ಇಲ್ಲದಿದ್ದರೆ ನಾನು ಎರಡೂ ಕಡೆ ಕಟ್ಟಬೇಕಾಗುತ್ತಿತ್ತು. ಅದೂ ನಿಜ ತಾನೇ.

ನರ್ಸಕ್ಕ

ನಾನು ಮಂಗಳೂರಿನವಳು, ಇಂಗ್ಲೆಂಡಿನಲ್ಲಿ ನರ್ಸ್ ಆಗಿ 20 ವರ್ಷ ಆಯಿತು. ಒಕ್ಕೂಟ ಬಿಟ್ಟು ಹೋದವರ ಮನೆಯಿಂದ ಎರಡು ಮಾತು.

ಒಕ್ಕೂಟದಲ್ಲಿ ಇರಬೇಕೇ ಬೇಡವೇ ಅನ್ನುವ 2016ರ ಮತದಾನದ ಮೊದಲು, ಬೇಡ ಅನ್ನುವವರು ಕೆಂಪು ಬಸ್ಸಿನ ಮೇಲೆ ಬರೆದಿದ್ದರು, ವಾರಕ್ಕೆ 350 ಮಿಲಿಯನ್ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಹಾಕೋಣ ಅಂತ. ಒಕ್ಕೂಟದಿಂದ ವಾಪಸ್ ಬರುವ ದುಡ್ಡನ್ನು ಆ ಲೆಕ್ಕದಲ್ಲಿ ಕಳೆದೇ ಇರಲಿಲ್ಲ. ನಮ್ಮ ವಾರ್ಡಿನಲ್ಲೇ ಎಷ್ಟೋ ಜನ ಆ ಬಸ್ಸನ್ನು ನಂಬಿದರು. ಕಲ್ಯಾಣದ ಹೆಸರಲ್ಲೇ ಒಕ್ಕೂಟವನ್ನು ಸೋಲಿಸಿದರು, ನೋಡಿ.

ತಮಾಷೆ ಏನೆಂದರೆ, ಅದೇ ವಾರ್ಡಿನವರಿಗೆ ರಜೆಯ ಹಕ್ಕನ್ನು ಕಾನೂನಿನಲ್ಲಿ ಬರೆಸಿದ್ದು ಬ್ರಸೆಲ್ಸ್. ವಾರಕ್ಕೆ ಸರಾಸರಿ 48 ಗಂಟೆ, ದಿನಕ್ಕೆ 11 ಗಂಟೆ ಬಿಡುವು, ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ ಅಂತ 1993ರಲ್ಲಿ ಒಕ್ಕೂಟ ನಿಯಮ ಮಾಡಿತು. ಬ್ರಿಟನ್ ಸರ್ಕಾರ ಅದರ ವಿರುದ್ಧ ಕೋರ್ಟಿಗೆ ಹೋಗಿ 1996ರಲ್ಲಿ ಸೋತಿತು. 1998ರಲ್ಲಿ ಕಾನೂನು ಬಂತು. ಅದಕ್ಕೂ ಮೊದಲು ಈ ದೇಶದಲ್ಲಿ ಎಲ್ಲ ಕೆಲಸಗಾರರಿಗೂ ಸಂಬಳದ ರಜೆ ಅನ್ನೋ ಕಾನೂನೇ ಇರಲಿಲ್ಲ. 2016ರಲ್ಲಿ ನೈಟ್ ಡ್ಯೂಟಿ ಟೀ ಹೊತ್ತಲ್ಲಿ ನಾನು ಇದನ್ನು ಹೇಳಿದಾಗ ಒಬ್ಬಳೂ ನಂಬಲಿಲ್ಲ. ಫೋನಿನಲ್ಲಿ ಹುಡುಕಿ ತೋರಿಸಬೇಕಾಯಿತು. ಒಬ್ಬಳು ಅಂದಳು, "ಇದನ್ನೂ ಬಸ್ಸಿನ ಮೇಲೆ ಬರೆಯಬಹುದಿತ್ತಲ್ಲ?"

ಸುಧಾರಣೆ ಮಾಡುವವರು ಇದನ್ನು ಯೋಚಿಸಲಿ. ಕೊರತೆ ಕಡಿಮೆ ಮಾಡಿ ಅಂತ ಬ್ರಸೆಲ್ಸ್ ಹೇಳಿದಾಗ ಎಲ್ಲರಿಗೂ ಕೇಳಿಸುತ್ತದೆ. ರಜೆ ಕೊಡಿಸಿದಾಗ ಅದನ್ನು ಊರಿನ ಸರ್ಕಾರ ತನ್ನ ಹೆಸರಲ್ಲಿ ಹೇಳಿಕೊಳ್ಳುತ್ತದೆ.

ಲೆಕ್ಕದ ಮೇಷ್ಟ್ರು

ನರ್ಸಕ್ಕ ಹೇಳಿದ್ದು ಗ್ರೀಸ್‌ಗೆ ಇನ್ನೂ ಜಾಸ್ತಿ ಸಲ್ಲುತ್ತದೆ. ಅಲ್ಲಿನವರಿಗೆ ಒಕ್ಕೂಟ ಅಂದರೆ ಕೋಟು ಹಾಕಿಕೊಂಡು ಸೂಟ್‌ಕೇಸ್ ಹಿಡಿದು ಬಂದ ಲೆಕ್ಕಪರಿಶೋಧಕ. 2010ರಲ್ಲಿ ಸಾಲದಲ್ಲಿ ಮುಳುಗಿದ ಗ್ರೀಸ್‌ಗೆ ಯೂರೋ ದೇಶಗಳೂ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಕೂಡ ಸೇರಿ 110 ಬಿಲಿಯನ್ ಯೂರೋ ಸಾಲ ಕೊಟ್ಟರು, ಷರತ್ತಿನ ಮೇಲೆ. 2012ರಲ್ಲಿ ಕನಿಷ್ಠ ಸಂಬಳವನ್ನು 751 ಯೂರೋದಿಂದ 586ಕ್ಕೆ ಇಳಿಸಿದರು. 25 ವರ್ಷದ ಒಳಗಿನವರಿಗೆ 511. ಸಂಬಳಕ್ಕೆ ಕೈ ಹಾಕುವಂತಿಲ್ಲ ಅಂತ 153ನೇ ವಿಧಿ ಹೇಳುತ್ತದೆ ಅಂದೆನಲ್ಲ? ಏರಿಸಲು ಕೈ ಹಾಕುವಂತಿಲ್ಲ. ಸಾಲದ ಷರತ್ತಿನ ಬಾಗಿಲಿನಿಂದ ಇಳಿಸಲು ಅಡ್ಡಿ ಬರಲಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ.

2013ರಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೆಲಸ ಇರಲಿಲ್ಲ. ಖರ್ಚು ಕಡಿತದ ಪೆಟ್ಟು ಇಷ್ಟು ದೊಡ್ಡದಾಗುತ್ತದೆ ಅಂತ ಅಂದಾಜು ಮಾಡಿರಲಿಲ್ಲ ಎಂದು ಐಎಂಎಫ್‌ನವರೇ ಅದೇ ವರ್ಷ ಒಪ್ಪಿಕೊಂಡರು. 2015ರ ಬೇಸಿಗೆಯಲ್ಲಿ ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ. ಜುಲೈ 5ರಂದು ಶೇ 61 ಜನ ಷರತ್ತು ಬೇಡ ಅಂತ ಮತ ಹಾಕಿದರು. ಸುಮಾರು ಒಂದು ವಾರದಲ್ಲಿ ಸರ್ಕಾರ ಅದಕ್ಕಿಂತ ಬಿಗಿಯಾದ ಷರತ್ತಿಗೆ ತಲೆಬಾಗಿತು.

ಈಗ ಕೊರೋನಾ ಬಂದ 2020 ನೋಡಿ. ಅದೇ ಒಕ್ಕೂಟ, ಅದೇ ಒಪ್ಪಂದ. ಶೇ 3ರ ನಿಯಮವನ್ನು ಮಾರ್ಚ್‌ನಲ್ಲೇ ಪಕ್ಕಕ್ಕಿಟ್ಟರು. ಕೆಲಸದಿಂದ ತೆಗೆಯಬೇಡಿ, ಗಂಟೆ ಕಡಿಮೆ ಮಾಡಿ, ಸಂಬಳದ ಒಂದು ಪಾಲು ಸರ್ಕಾರ ಕೊಡಲಿ ಅಂತ ಜರ್ಮನಿಯಲ್ಲಿ ಹಳೆಯ ಪದ್ಧತಿ ಇದೆ. ಅದನ್ನು ಎಲ್ಲ ಕಡೆ ನಡೆಸಲು 100 ಬಿಲಿಯನ್ ಯೂರೋವರೆಗೆ ಸಾಲದ ನಿಧಿ ಮಾಡಿದರು. 19 ದೇಶಗಳು ತೆಗೆದುಕೊಂಡವು. ಜುಲೈನಲ್ಲಿ ನಾಲ್ಕು ಹಗಲು, ನಾಲ್ಕು ರಾತ್ರಿ ಜಗಳವಾಡಿ 750 ಬಿಲಿಯನ್ ಒಟ್ಟಿಗೆ ಸಾಲ ಎತ್ತಲು ಒಪ್ಪಿದರು, ಅದರಲ್ಲಿ 390 ಬಿಲಿಯನ್ ವಾಪಸ್ ಕೊಡಬೇಕಿಲ್ಲದ ನೆರವು. ಆಸ್ಟ್ರಿಯಾ, ಡೆನ್ಮಾರ್ಕ್, ನೆದರ್ಲೆಂಡ್ಸ್, ಸ್ವೀಡನ್ ಕೊನೆಯವರೆಗೆ ಗೊಣಗಿದವು. ಆದರೂ ಆಯಿತು.

ಹಾಗಾಗಿ ಒಪ್ಪಂದ ಬದಲಾಗದೆ ಏನೂ ಆಗಲ್ಲ ಅನ್ನೋ ಮಾತು ನಾನು ನಂಬಲ್ಲ. ಒಪ್ಪಂದ ಬದಲಿಸಲು 27 ದೇಶವೂ ಹೂಂ ಅನ್ನಬೇಕು. 2005ರಲ್ಲಿ ಫ್ರಾನ್ಸ್, ನೆದರ್ಲೆಂಡ್ಸ್ ಮತದಾರರು ಒಕ್ಕೂಟಕ್ಕೆ ಬರೆದಿದ್ದ ಸಂವಿಧಾನವನ್ನೇ ತಿರಸ್ಕರಿಸಿದ್ದು ನೆನಪಿದೆಯಲ್ಲ. ಆಗ ಫ್ರಾನ್ಸ್ ತುಂಬ ಪೋಲೆಂಡಿನ ಪ್ಲಂಬರ್ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾನೆ ಅನ್ನೋ ಭಯ. ಪೋಲೆಂಡಿನ ಪ್ರವಾಸೋದ್ಯಮದವರು ಒಬ್ಬ ಸುಂದರ ಪ್ಲಂಬರ್‌ನ ಪೋಸ್ಟರ್ ಹಾಕಿ, ನಾನು ಇಲ್ಲೇ ಇದ್ದೇನೆ, ನೀವೇ ಬನ್ನಿ ಅಂದರು. ಅವರ ಹಾಸ್ಯಪ್ರಜ್ಞೆಗೆ ನಮಸ್ಕಾರ.

ನಾನು ಕೇಳುವುದು ಇಷ್ಟು. ಆ 100 ಬಿಲಿಯನ್ನಿನ ನಿಧಿ 2022ರ ಕೊನೆಗೆ ಮುಗಿಯಿತು. ಅದನ್ನು ಕಾಯಂ ಮಾಡಿ. ಒಂದು ದೇಶದಲ್ಲಿ ದಿಢೀರನೆ ನಿರುದ್ಯೋಗ ಏರಿದರೆ ಅದರ ನಿಧಿಗೆ ಒಕ್ಕೂಟ ಆಸರೆಯಾಗಲಿ. 2019ರಲ್ಲಿ ಯುರೋಪಿಯನ್ ಆಯೋಗದ ಅಧ್ಯಕ್ಷೆಯಾಗಿ ಆಯ್ಕೆಯಾದ ಉರ್ಸುಲಾ ಫಾನ್ ಡೆರ್ ಲೈಯೆನ್ ಹೇಳಿದ್ದ ನಿರುದ್ಯೋಗ ಮರುವಿಮೆ ಇದೇ. ಅದಾದರೆ ಮುಂದಿನ ಗ್ರೀಸ್‌ನ ಪಿಂಚಣಿದಾರ ಎಟಿಎಂ ಮುಂದೆ ನಿಲ್ಲಬೇಕಾಗಿಲ್ಲ.

ಮಂಡ್ಯ ಮಗ

ಅಂದರೆ ಕೊನೆಗೆ ಶ್ರೀಮಂತ ದೇಶ ಬಡ ದೇಶಕ್ಕೆ ಕೊಡಬೇಕು. ನಮ್ಮಲ್ಲಿ ತೆರಿಗೆ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647 ಆದಾಗ ನಾವು ಎಷ್ಟು ಕೂಗಾಡಿದ್ವಿ. ಡಚ್ಚರು ಗೊಣಗಿದ್ದರಲ್ಲಿ ತಪ್ಪೇನಿದೆ?

ಲೆಕ್ಕದ ಮೇಷ್ಟ್ರು

ತಪ್ಪಿಲ್ಲ, ಆದರೆ ಅಳತೆ ನೋಡಿ. ಒಕ್ಕೂಟದ ಇಡೀ ಬಜೆಟ್ ಎಲ್ಲ ದೇಶಗಳ ಒಟ್ಟು ವರಮಾನದ ಸುಮಾರು ಶೇ 1. ನಮ್ಮ ದೆಹಲಿಗೆ ಹೋಲಿಸಿದರೆ ಅದು ಬಜೆಟ್ಟೇ ಅಲ್ಲ, ಕಿಸೆ ಖರ್ಚು. ಕರ್ನಾಟಕದ ಜಗಳಕ್ಕೆ ಬೇರೆ ಚರ್ಚೆ ತೆಗೆಯಿರಿ, ಖಂಡಿತ ಬರ್ತೀನಿ.

ಹುಬ್ಬಳ್ಳಿ ಲಾರಿ

ಎಲ್ಲ ಸರಿ. ಗಡಿಮನೆಯವರ ಗಡಿ ದಾಟುವ ಕಚೇರಿ ಎಲ್ಲಿಗೆ ಬಂತು? ಡ್ರೈವರ್‌ಗೆ ಬೇಕಾಗಿರೋದು ಅದು.

ಗಡಿಮನೆ

ಕಚೇರಿ ಇದೆ! ಯುರೋಪಿಯನ್ ಕಾರ್ಮಿಕ ಪ್ರಾಧಿಕಾರ ಅಂತ 2019ರಲ್ಲಿ ಮಾಡಿದರು, ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಕೂತಿದೆ. ಆದರೆ ಅದು ತಾನೇ ಹೋಗಿ ಬಾಗಿಲು ತಟ್ಟುವಂತಿಲ್ಲ. ಎರಡು ದೇಶದ ಇನ್‌ಸ್ಪೆಕ್ಟರ್‌ಗಳನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ಆ ದೇಶಗಳು ಒಪ್ಪಿದರೆ. ಅಂದರೆ ಸೀಟಿ ಇದೆ, ಲಾಠಿ ಇಲ್ಲ. ನಾನು ಬದಲಾಯಿಸಬೇಕು ಅನ್ನೋದು ಇದನ್ನೇ.

ಸ್ವೀಡನ್ ಸೊಸೆಯವರ ಸಾಲು ಒಪ್ಪಂದಕ್ಕೆ ಸೇರಬೇಕು, ಈಗ ಒಪ್ಪುತ್ತೇನೆ. ಮೊದಲ ಪೋಸ್ಟಿನಲ್ಲಿ ಅದನ್ನು ಬಿಟ್ಟಿದ್ದು ನನ್ನ ತಪ್ಪು. ಮೇಷ್ಟ್ರ ನಿಧಿಯೂ ಇರಲಿ. ಸುಬ್ಬು ಕೇಳೋ ಸರಳೀಕರಣಕ್ಕೂ ನನ್ನ ವಿರೋಧ ಇಲ್ಲ, ಎಂಟು ತಿಂಗಳು ಪತ್ರ ಹಿಡಿದು ಓಡಾಡಿದವನು ನಾನೇ. ಫಾರ್ಮ್ ಕಡಿಮೆ ಮಾಡಿ, ಫಾರ್ಮ್ ತುಂಬಿದವನ ಹಕ್ಕನ್ನಲ್ಲ. 2023ರ ಜುಲೈನಲ್ಲಿ ಹಾಗೆ ಒಂದು ಮಾಡಿದರು. ಮನೆಯಿಂದ ಕೆಲಸ ಮಾಡುವ ಗಡಿಯವರು, ಕೆಲಸದ ಹೊತ್ತಿನ ಅರ್ಧಕ್ಕಿಂತ ಕಡಿಮೆ ಭಾಗ ಮನೆಯಿಂದ ದುಡಿದರೆ ಕಂಪನಿ ಇರುವ ದೇಶದ ವಿಮೆಯಲ್ಲೇ ಮುಂದುವರಿಯಬಹುದು. ಮೊದಲು ಶೇ 25 ಮುಟ್ಟಿದರೇ ವಿಮೆ ದೇಶ ಬದಲಾಗುತ್ತಿತ್ತು. ಈಗ ವಾರಕ್ಕೆ ಎರಡು ದಿನ ಮನೆಯಲ್ಲೇ ಕೂತು ಬರೀತೀನಿ, ಈ ಪೋಸ್ಟನ್ನೂ ಸೇರಿಸಿ.

ಹಾಸನದ ಹುಡುಗಿ

ಚರ್ಚೆ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಗಡಿಮನೆ ಅಣ್ಣ, ನನಗೆ ಅಕ್ಟೋಬರ್‌ನಿಂದ ಆಹೆನ್‌ನಲ್ಲಿ ಎಂಎಸ್ ಸೀಟು ಸಿಕ್ಕಿದೆ. ಅಲ್ಲಿ ರೂಮ್ ಸಿಗೋದು ಕಷ್ಟ ಅಂತಾರೆ. ನಿಮ್ಮ ವಾಲ್ಸ್‌ನಲ್ಲೇ ರೂಮ್ ಹಿಡಿದು ಸೈಕಲ್‌ನಲ್ಲಿ ಹೋಗಿಬಂದರೆ ಆಗಲ್ವಾ?

ಗಡಿಮನೆ

ಆಗಲ್ಲಮ್ಮ, ಅಡ್ವಾನ್ಸ್ ಕೊಟ್ಟುಬಿಡಬೇಡ! ನಾನು ವಾಲ್ಸ್‌ಗೆ ಬಂದಿದ್ದು ಜರ್ಮನ್ ಪಾಸ್‌ಪೋರ್ಟ್ ಸಿಕ್ಕ ಮೇಲೆ. ನಿನಗೆ ಭಾರತದ ಪಾಸ್‌ಪೋರ್ಟ್ ಮೇಲೆ ಜರ್ಮನಿಯ ವೀಸಾ ಸಿಗುತ್ತೆ. ಅದರಲ್ಲಿ ವಾಲ್ಸ್‌ಗೆ ಬಂದು ಕಾಫಿ ಕುಡಿಯಬಹುದು, ಮನೆ ಮಾಡಿ ಇರುವಂತಿಲ್ಲ. ಅದಕ್ಕೆ ಡಚ್ಚರ ಅನುಮತಿ ಬೇರೆ ಬೇಕು. ಆಹೆನ್ ಒಳಗೇ ಹುಡುಕು. ವಿದ್ಯಾರ್ಥಿ ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕು, ಕಾಯುವವರ ಪಟ್ಟಿ ಉದ್ದ ಇದೆ. ಮೊದಲ ಎರಡು ವಾರಕ್ಕೆ ಏನೂ ಸಿಗದಿದ್ದರೆ ಮೆಸೇಜ್ ಮಾಡು, ಆ ಕಡೆ ಇರುವ ನಮ್ಮವರ ಮನೆಯಲ್ಲಿ ಕೇಳಿ ನೋಡ್ತೀನಿ. ಭಾನುವಾರ ಊಟಕ್ಕೆ ಈ ಕಡೆ ಬಾ, ಸಾರು ಅನ್ನ ಇರುತ್ತೆ. ಪಾಸ್‌ಪೋರ್ಟ್ ಜೊತೆಗಿರಲಿ.